ಪಿಂಕಿಯ ಮುಂಗಾಲು

ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ದಿನ ನಮ್ಮತ್ತೆ ಮೊಟ್ಟೆ ಬೇಯಿಸಿದರು.

ಅದರಲ್ಲೇನು ವಿಶೇಷ ಅಂತೀರಾ? ಹಾಗಾದರೆ ನೀವು ನಮ್ಮ ಮನೆಗೆ ಬಂದವರಲ್ಲ. ಅಗ್ರಹಾರದ ಈ ಹಳೇ ಮನೆಗೆ ಯಾರದ್ದಾದರೂ ಹುಟ್ಟುಹಬ್ಬದ ಕೇಕ್ ಬಂದರೆ ಅದು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತು, ಹಾಗೇ ಪಕ್ಕದ ಮನೆಗೆ ಹೋಗುತ್ತದೆ. ಬಿಸ್ಕತ್ ಪ್ಯಾಕೆಟ್ಟಿನ ಹಿಂದೆ ಬರೆದಿರುವ ಸಣ್ಣ ಅಕ್ಷರಗಳನ್ನು ಕನ್ನಡಕ ಏರಿಸಿ ಓದುವವರು ಮೈಸೂರಿನಲ್ಲಿ ಯಾರಾದರೂ ಇದ್ದರೆ ಅದು ನಮ್ಮತ್ತೆ ಪಾರ್ವತಮ್ಮನವರು. ವಯಸ್ಸು ಎಪ್ಪತ್ತರ ಹತ್ತಿರ. ಕೊರಳಲ್ಲಿ ಇಷ್ಟಲಿಂಗ. ಬೆಳಗಿನ ಪೂಜೆ ಆಗುವ ತನಕ ಒಂದು ಗುಟುಕು ಕಾಫಿಯೂ ಇಲ್ಲ.

ಈ ಅಂಕಣದಲ್ಲಿ ಅತ್ತೆ ಬಂದಾಗಲೆಲ್ಲ ನೀವು ನಗುತ್ತೀರಿ ಅಂತ ನನಗೆ ಗೊತ್ತು. ಮಾರ್ಕೆಟ್ಟಿನಲ್ಲಿ ಸಿಕ್ಕಿದವರು ತರಕಾರಿ ಬಿಟ್ಟು ಅತ್ತೆಯನ್ನೇ ವಿಚಾರಿಸುತ್ತೀರಿ. ಈ ವಾರ ನಗು ಕಮ್ಮಿ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ.

ವಿಷಯ ನಮ್ಮ ನಾಯಿಯದು. ಹೆಸರು ಪಿಂಕಿ. (ನಮ್ಮ ಬೀದಿಯಲ್ಲೇ ಇನ್ನೂ ಇಬ್ಬರು ಪಿಂಕಿಯರಿದ್ದಾರೆ. ಪೊಮೆರೇನಿಯನ್ ತಂದವರಿಗೆಲ್ಲ ಅದೇ ಹೆಸರು ಯಾಕೆ ಹೊಳೆಯುತ್ತದೋ ಕಾಣೆ.) ನೋಡುವುದಕ್ಕೆ ಮೈತುಂಬ ಬಿಳಿ ರೋಮ, ದಪ್ಪ ಅನ್ನಿಸುತ್ತದೆ. ಸ್ನಾನ ಮಾಡಿಸಿದಾಗ ಮಾತ್ರ ನಿಜ ಬಯಲಾಗುತ್ತದೆ. ಒಳಗೆ ಇರುವುದು ಹಿಡಿಯಷ್ಟು ನಾಯಿ, ಪೆನ್ಸಿಲ್ಲಿನಂಥ ಕಾಲುಗಳು.

ಅದನ್ನು ತಂದವರು ನಮ್ಮ ಮನೆಯವರು, ಶೇಖರ್. ಅವರ ಆಫೀಸರರಿಗೆ ವರ್ಗವಾಯಿತು, ನಾಯಿ ನಮಗೆ ಬಂತು. 'ಕಟ್ಟೋದಾದ್ರೆ ಹಿತ್ಲಲ್ಲಿ ಕಟ್ಟು, ಒಳಗೆ ಬುಡ್ಬೇಡ' ಅಂದರು ಅತ್ತೆ. ಒಂದು ವಾರ ಅವರ ಮಾತು ನಡೆಯಿತು. ಎರಡನೇ ವಾರ ನೋಡಿದರೆ ನಾಯಿ ಅತ್ತೆಯ ಮಂಚದ ಕಾಲ ಬಳಿ ಮಲಗಿದೆ, ಮೈಮೇಲೆ ಅತ್ತೆಯದೇ ಹಳೇ ಶಾಲು. ಆಮೇಲೆ ಅದು ಅತ್ತೆಯ ನಾಯಿ. ಶೇಖರ್ ಬರೀ ಸಾಬೂನು ತಂದುಕೊಡುವವರು.

ಪಿಂಕಿಯ ಊಟ ಮೊಸರನ್ನ. ಹಬ್ಬದ ದಿನ ಹೋಳಿಗೆ. ಸೋಮವಾರ ಪೂಜೆಯಾದ ಮೇಲೆ ಹಣೆಗೆ ವಿಭೂತಿ. ಬಂದವರ ಮುಂದೆಲ್ಲ ಅತ್ತೆಗೆ ಅದೇ ಹೆಮ್ಮೆ. 'ನಮ್ಮ ಪಿಂಕಿ ಮುಂದೆ ಇಲಿ ಓಡಾಡುದ್ರೂ ಮೂಸಿ ನೋಡಲ್ಲ ಕಣಮ್ಮ. ಹೋದ್ ಜನ್ಮದಲ್ಲಿ ಯಾರೋ ಶರಣರೇ ಇರ್ಬೇಕು.' ಬಂದವರು ತಲೆಯಾಡಿಸುತ್ತಿದ್ದರು. ನಾನೂ ತಲೆಯಾಡಿಸುತ್ತಿದ್ದೆ.

ಶಿವರಾತ್ರಿ ಹಿಂದುಮುಂದಿನ ಒಂದು ಭಾನುವಾರ. ಬೀದಿಗೆ ಗ್ಯಾಸ್ ಸಿಲಿಂಡರ್ ಗಾಡಿ ಬಂತು. ಅವರು ಸಿಲಿಂಡರನ್ನು ಇಳಿಸುವುದಿಲ್ಲ, ಎಸೆಯುತ್ತಾರೆ, ನಿಮಗೂ ಗೊತ್ತಲ್ಲ. ಆ ಸದ್ದಿಗೆ ಜಗಲಿಯ ಮೇಲೆ ಕೂತಿದ್ದ ಪಿಂಕಿ ಬೊಗಳುತ್ತಾ ಕೆಳಗೆ ಹಾರಿತು. ಜಗಲಿಯ ಎತ್ತರ ಎಷ್ಟು? ಮೊಣಕಾಲುದ್ದ. ದಿನಾ ಹಾರುವ ಜಾಗವೇ. ಅವತ್ತು ಒಣಕಡ್ಡಿ ಮುರಿದ ಹಾಗೆ ಸದ್ದಾಯಿತು. ಆಮೇಲೆ ಅದು ಕಿರುಚಿದ್ದು ಬೀದಿಯ ಕೊನೆ ಮನೆಗೂ ಕೇಳಿಸಿರಬೇಕು. ಬಲ ಮುಂಗಾಲು ಪಾದಕ್ಕೆ ಸ್ವಲ್ಪ ಮೇಲೆ ಮಡಚಿಕೊಂಡು ನೇತಾಡುತ್ತಿತ್ತು.

ದೇವರಾಜ ಮೊಹಲ್ಲಾದಲ್ಲಿ ನಾಯಿ ಡಾಕ್ಟರ್ ಮಹದೇವ್ ಅಂತ ಇದ್ದಾರೆ. ಫೋನ್ ಮಾಡಿದರೆ ಊರಲ್ಲಿಲ್ಲ. 'ಸಿದ್ದಪ್ಪನ ಹತ್ರ ಹೋಗೋಣ' ಅಂದರು ಶೇಖರ್.

ನಮ್ಮೂರಿನ ಮನೆಗಳಿಗೆ ಪುರೋಹಿತರಿದ್ದ ಹಾಗೆ ಮೂಳೆ ಕಟ್ಟುವವನೂ ಒಬ್ಬನಿರುತ್ತಾನೆ. ನಮಗೆ ಬನ್ನಿಮಂಟಪದ ಸಿದ್ದಪ್ಪ. ಶೇಖರ್ ಕಾಲೇಜಿನಲ್ಲಿ ಕ್ರಿಕೆಟ್ ಆಡಿ ಕೈ ಮುರಿದುಕೊಂಡಾಗ ಕಟ್ಟಿದ್ದು ಅವನೇ. ಆ ಕೈಯನ್ನು ಇವತ್ತಿಗೂ ಮನೆಗೆ ಬಂದವರಿಗೆಲ್ಲ ತೋರಿಸುತ್ತಾರೆ. (ಕೈ ಸ್ವಲ್ಪ ಸೊಟ್ಟಗಿದೆ. ಅದನ್ನು ಯಾರೂ ಹೇಳಬಾರದು.)

ಅತ್ತೆಯನ್ನು ಮನೆಯಲ್ಲಿ ಬಿಟ್ಟು ನಾವಿಬ್ಬರೂ ಆಟೋದಲ್ಲಿ ಹೋದೆವು. ಸಿದ್ದಪ್ಪ ಕರುಗಳಿಗೆ ಕಟ್ಟಿದ್ದಾನೆ, ಮೇಕೆಗಳಿಗೆ ಕಟ್ಟಿದ್ದಾನೆ, ಇಷ್ಟು ಸಣ್ಣ ಜೀವಕ್ಕೆ ಕಟ್ಟಿರಲಿಲ್ಲ. ಆದರೂ ಕೂತ. ಬಿದಿರಿನ ಸೀಳುಗಳನ್ನು ಕಾಲಿನ ಸುತ್ತ ಇಟ್ಟ. ಉದ್ದಿನ ಹಿಟ್ಟಿಗೆ ಮೊಟ್ಟೆಯ ಬಿಳಿ ಕಲಸಿ, ಬಟ್ಟೆ ಪಟ್ಟಿಯನ್ನು ಅದರಲ್ಲಿ ಅದ್ದಿ ಸುತ್ತಿದ. 'ಒಣಗುದ್ರೆ ಕಲ್ಲಾಯ್ತದೆ. ಬಿಚ್ಬೇಡಿ, ನೆನೆಸ್ಬೇಡಿ' ಅಂದ. ಅಷ್ಟೇ. ಮನೆಗೆ ಬಂದೆವು.

ಕಟ್ಟಿನ ಮೇಲೆ ಶೇಖರ್ ಅವರ ಹಳೇ ಪಂಚೆಯ ತುಂಡನ್ನು ಸುತ್ತಿದ್ದೆವು, ಕೊಳೆಯಾಗಬಾರದು ಅಂತ. ದಿನಾ ಸಂಜೆ ಆಫೀಸಿನಿಂದ ಬಂದವರೇ ಇಬ್ಬರೂ ನೋಡುತ್ತಿದ್ದೆವು. ಪಂಚೆ ಶುಭ್ರ, ಕಟ್ಟು ಇದ್ದಲ್ಲೇ ಇದೆ, ಪಿಂಕಿ ಮೂರು ಕಾಲಲ್ಲಿ ಕುಂಟುತ್ತಾ ಬಂದು ಬಾಲ ಆಡಿಸುತ್ತದೆ. 'ಕೂಡ್ತಾ ಇದೆ' ಅನ್ನುತ್ತಿದ್ದರು ಶೇಖರ್, ಎಕ್ಸ್‌ರೇ ಕಣ್ಣಿದ್ದವರ ಹಾಗೆ. ತಿಂಗಳು ಕಳೆಯಿತು. ಮತ್ತೆರಡು ವಾರ ಕಳೆಯಿತು. ಅದು ಕಾಲು ಊರಲೇ ಇಲ್ಲ. ಕೊನೆಗೆ ಡಾಕ್ಟರ್ ಮಹದೇವ್ ಹತ್ತಿರ ಹೋದೆವು. ಈ ಸಲ ಅತ್ತೆಯೂ ಬಂದರು, ಪಿಂಕಿಯನ್ನು ಮಡಿಲಲ್ಲಿ ಇಟ್ಟುಕೊಂಡು.

ಡಾಕ್ಟರ್ ಕತ್ತರಿ ತೆಗೆದುಕೊಂಡರು. ಪಂಚೆ ಕತ್ತರಿಸಿದರು. ಒಳಗಿನ ಕಟ್ಟನ್ನು ಬೆರಳಲ್ಲಿ ಒತ್ತಿದರು. ಅದು ನೆನೆದ ಹಪ್ಪಳದ ಹಾಗೆ ಬಗ್ಗಿತು.

'ಏನ್ರೀ ಇದು? ಇಷ್ಟು ಮೆತ್ತಗಿದೆ?' ಅಂತ ಮೂಸಿ ನೋಡಿದರು. 'ಗಂಜಿ ವಾಸನೆ ಬರ್ತಾ ಇದೆಯಲ್ಲ.'

ಶೇಖರ್ ಮುಖ ಕೆಂಪಾಯಿತು. ಅವರು ಸಿಟ್ಟು ಬರುವ ಮನುಷ್ಯರಲ್ಲ. ಬಂದರೆ ಸ್ಕೂಟರ್ ಕೀ ಹುಡುಕುತ್ತಾರೆ. 'ಮೋಸ ಮಾಡ್ಬುಟ್ಟ ನನ್ಮಗ. ನಮ್ಮ ಕಣ್ಮುಂದೇನೇ ಮೊಟ್ಟೆ ಒಡೆದ. ಈಗ್ಲೇ ಬನ್ನಿಮಂಟಪಕ್ಕೆ ಹೋಗಿ ಅವನ ಶೆಡ್ಡು ಕಿತ್ತಾಕ್ತೀನಿ' ಅಂತ ಬಾಗಿಲ ತನಕ ಹೋದರು.

'ಶೇಖರ.'

ಅತ್ತೆಯ ದನಿ. ಅವರು ಕೂತಲ್ಲಿಂದ ಎದ್ದಿರಲಿಲ್ಲ.

'ಅವನನ್ನ ಬಯ್ಬೇಡ ಕಣೋ. ಅವ್ನು ಸರಿಯಾಗೇ ಕಟ್ಟಿದ್ದ. ನಾನೇ ಬಿಚ್ಬುಟ್ಟೆ.'

ಶೇಖರ್ ಬಾಗಿಲಲ್ಲೇ ತಿರುಗಿದರು. ಅತ್ತೆಯೇ ಮುಂದುವರಿಸಿದರು, ಡಾಕ್ಟರ್ ಕಡೆಗಲ್ಲ, ನಮ್ಮ ಕಡೆಗೂ ಅಲ್ಲ, ಪಿಂಕಿಯ ಬೆನ್ನು ನೋಡಿಕೊಂಡು. 'ಮಾರನೇ ದಿನ ಪೂಜೆಗೆ ಕೂತಿದ್ದೆ. ಇದು ಎದುರಿಗೆ ಕೂತ್ಕಂಡು ಆ ಮೊಟ್ಟೆ ಕಟ್ಟನ್ನ ನೆಕ್ತಾ ಇತ್ತು. ದೇವರ್ ಮನೆ ಮುಂದೆ. ಅಂಗೇ ಬುಡಕ್ಕಾಯ್ತದಾ? ಬಿಚ್ಚಿ ತೊಳ್ದೆ. ಅದೇ ಕಡ್ಡಿ ಇಟ್ಟೆ, ಅದೇ ತರ ಸುತ್ತಿದೆ. ಮೊಟ್ಟೆ ಬದ್ಲು ಗಂಜಿ ಹಾಕ್ದೆ, ಗಟ್ಟಿಯಾಗಿ. ಸೀರೆಗೆ ಹಾಕುದ್ರೆ ನಿಲ್ಲಲ್ವಾ?'

'ಆಮೇಲೆ?' ಅಂದರು ಡಾಕ್ಟರ್.

'ನೆಕ್ಕಿ ನೆಕ್ಕಿ ಮೆತ್ತಗಾಯ್ತಿತ್ತು. ಮೆತ್ತಗಾದಾಗೆಲ್ಲ ಬಿಚ್ಚಿ ಇನ್ನೊಂದ್ಸಲ ಹಾಕ್ದೆ, ಪಂಚೇನೂ ಒಗ್ದು ಮತ್ತೆ ಸುತ್ತಿದೆ.'

ಸೀರೆಗೆ ಹಾಕಿದರೆ ನಿಲ್ಲುವುದಿಲ್ಲವೇ? ಬೇರೆ ದಿನವಾಗಿದ್ದರೆ ಈ ಒಂದು ಮಾತಿನ ಮೇಲೆ ನಾನು ಇಡೀ ಅಂಕಣ ಬರೆದು ನಿಮ್ಮನ್ನು ನಗಿಸುತ್ತಿದ್ದೆ. ಅವತ್ತು ಆ ಕ್ಲಿನಿಕ್ಕಿನಲ್ಲಿ ನಾನು ಲೆಕ್ಕ ಹಾಕುತ್ತಾ ನಿಂತೆ. ಕಟ್ಟು ಬಿಚ್ಚಿದ ಪ್ರತಿಸಲವೂ ಮುರಿದ ಮೂಳೆ ಅಲುಗಾಡಿತ್ತು. ಪ್ರತಿಸಲವೂ ಆ ನಾಯಿ ಅವರ ಕೈಗೆ ಕಾಲು ಒಪ್ಪಿಸಿ ಸುಮ್ಮನೆ ಕೂತಿತ್ತು, ಯಾಕೆಂದರೆ ಅದು ಅತ್ತೆಯ ಕೈ.

ಎಕ್ಸ್‌ರೇ ಬಂತು. ಡಾಕ್ಟರ್ ಅದನ್ನು ದೀಪಕ್ಕೆ ಹಿಡಿದು ತೋರಿಸಿದರು. ಮುಂಗಾಲಲ್ಲಿ ಇರುವ ಎರಡು ಮೂಳೆಗಳೂ ತುಂಡಾಗಿದ್ದವು. ತುದಿಗಳು ಒಂದನ್ನೊಂದು ಮುಟ್ಟುತ್ತಿರಲಿಲ್ಲ. ಮುರಿದ ಜಾಗದಲ್ಲಿ ಹೊಸ ಮೂಳೆ ಬೆಳೆದಿರಬೇಕಾಗಿತ್ತು. ಬೆಳೆದಿರಲಿಲ್ಲ. ಬದಲಿಗೆ ತುದಿಗಳು ಸವೆದು ಚೂಪಾಗಿದ್ದವು.

'ಮೂಳೆ ಕೂಡೋ ಪ್ರಯತ್ನಾನೇ ಬಿಟ್ಟುಬಿಟ್ಟಿದೆ' ಅಂದರು. 'ದೊಡ್ಡ ನಾಯಿಗಳಿಗೆ ಹೀಗಾಗೋದು ಕಮ್ಮಿ. ಈ ಸಣ್ಣ ಜಾತಿಗಳಿಗೆ ಇದೇ ತೊಂದರೆ. ಈ ಜಾಗದಲ್ಲಿ ಮಾಂಸ ಇಲ್ಲ, ರಕ್ತ ಓಡಾಡೋದು ಕಮ್ಮಿ. ಸ್ವಲ್ಪ ಅಲುಗಾಡಿದ್ರೂ ಕೂಡಲ್ಲ.'

ಆಮೇಲೆ ಅತ್ತೆಯ ಮುಖ ನೋಡಿ ದನಿ ಇಳಿಸಿದರು. 'ಅಮ್ಮ, ಒಂದು ಮಾತು ಹೇಳ್ತೀನಿ. ಮೊಟ್ಟೆ ಕಟ್ಟು ಹಾಗೇ ಇದ್ದಿದ್ರೂ ಇದು ಕೂಡ್ತಿತ್ತು ಅಂತ ಹೇಳೋಕಾಗಲ್ಲ. ನಾನು ಪ್ಲಾಸ್ಟರ್ ಹಾಕಿದ್ರೂ ಇಂಥವು ಎಷ್ಟೋ ಸಲ ಕೂಡಲ್ಲ. ಮೊದಲನೇ ದಿನಾನೇ ಆಪರೇಷನ್ ಮಾಡ್ಬೇಕಾಗಿತ್ತು.'

'ಸುಮ್ಕಿರಿ ಡಾಕ್ಟ್ರೇ' ಅಂದರು ಅತ್ತೆ. 'ನನ್ನ ಸಮಾಧಾನಕ್ಕೆ ಹೇಳ್ಬೇಡಿ.'

ಆಪರೇಷನ್ ಈಗಲೂ ಮಾಡಬಹುದಾಗಿತ್ತು. ಕಾಲು ಕೊಯ್ದು, ಸತ್ತುಹೋದ ಮೂಳೆಯ ತುದಿಗಳನ್ನು ರಕ್ತ ಜಿನುಗುವ ತನಕ ಕತ್ತರಿಸಬೇಕು. ಆಮೇಲೆ ಅವುಗಳನ್ನು ಜೋಡಿಸಿ ಸ್ಟೀಲ್ ಪಟ್ಟಿ ಇಟ್ಟು ಸ್ಕ್ರೂ ಬಿಗಿಯಬೇಕು. ನಾಯಿಯದೇ ಭುಜದ ಮೂಳೆಯೊಳಗಿನ ಮೆತ್ತನೆಯ ತಿರುಳನ್ನು ಕೆರೆದು ತಂದು ಸಂದಿಗೆ ತುಂಬಬೇಕು. ಅದು ಬೀಜ ಬಿತ್ತಿದ ಹಾಗೆ, ಅಲ್ಲಿಂದ ಹೊಸ ಮೂಳೆ ಹುಟ್ಟಬೇಕು. ಇಷ್ಟು ಸಣ್ಣ ಕಾಲಿಗೆ ಆಗುವ ಪಟ್ಟಿ ನಾಯಿ ಡಾಕ್ಟರುಗಳ ಹತ್ತಿರ ಇರಲಿಲ್ಲ. ಮನುಷ್ಯರ ಮೂಳೆ ಡಾಕ್ಟರೊಬ್ಬರು ಮಹದೇವ್ ಅವರ ಸ್ನೇಹಿತರು. ಮನುಷ್ಯರ ಕೈಬೆರಳು ಮುರಿದಾಗ ಹಾಕುವ ಪಟ್ಟಿಯನ್ನು ಅವರು ಕೊಡುತ್ತಾರೆ, ಜೊತೆಗೆ ನಿಂತು ಸಹಾಯವನ್ನೂ ಮಾಡುತ್ತಾರೆ ಅಂದರು.

'ಆದರೆ ಈಗಲೇ ಬೇಡ' ಅಂದರು ಡಾಕ್ಟರ್. 'ಮೂಳೆ ಕಾಗದದ ಥರ ಆಗಿದೆ. ಸ್ಕ್ರೂ ಹಿಡ್ಕೊಳ್ಳೋಕೆ ಏನಾದ್ರೂ ಬೇಕಲ್ವಾ? ಏನು ತಿನ್ನಿಸ್ತಿದ್ದೀರಿ?'

'ಮೊಸರನ್ನ' ಅಂದೆ ನಾನು, ಅತ್ತೆಯ ಕಡೆ ನೋಡದೆ.

'ಬರೀ ಮೊಸರನ್ನಾನಾ?'

'ಹೋಳಿಗೆ' ಅಂದರು ಶೇಖರ್.

ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅನ್ನ ತಿಂದು ಬೆಳೆದ ನಾಯಿಯ ಮೂಳೆ ಗಟ್ಟಿಯಿರುವುದಿಲ್ಲ ಅಂತ ಮೆಲ್ಲಗೆ ವಿವರಿಸಿದರು. ಕ್ಯಾಲ್ಸಿಯಂ ಟಾನಿಕ್ ಬರೆದುಕೊಟ್ಟರು. ಆಪರೇಷನ್ನಿಗೆ ಮುಂಚೆ ಕೆಲವು ವಾರ ದಿನಾ ಒಂದು ಬೇಯಿಸಿದ ಮೊಟ್ಟೆ ಕೊಡಿ ಅಂದರು. 'ನಿಮಗೆ ಕಷ್ಟ ಅಂತ ಗೊತ್ತು. ಬೇರೆಯವರ ಮನೇಲಿ ಮಾಡಿಸಿ ತಂದ್ರೂ ಆಯ್ತು.'

ಬೇರೆಯವರ ಮನೆ ಅಂದರೆ ಅತ್ತೆ ಒಪ್ಪಬೇಕಲ್ಲ? ಮಾರನೇ ದಿನ ಭಾನುವಾರ. ಮಧ್ಯಾಹ್ನ ಅಟ್ಟದ ಮೇಲಿದ್ದ ಹಳೇ ಸೀಮೆಎಣ್ಣೆ ಸ್ಟೌ ಕೆಳಗೆ ಇಳಿಯಿತು. ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಅದನ್ನು ಇಟ್ಟರು. ಬೇರೆಯದೇ ಒಂದು ಅಲ್ಯೂಮಿನಿಯಂ ಪಾತ್ರೆ. ಸೆರಗನ್ನು ಮೂಗಿಗೆ ಸುತ್ತಿಕೊಂಡು, ಶೇಖರ್ ತಂದ ಮೊಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೀರಿಗೆ ಇಳಿಸಿದರು. ನಾನು ಮಾಡುತ್ತೇನೆ ಅಂದರೆ ಬಿಡಲಿಲ್ಲ. ಆಮೇಲೆ ಪಾತ್ರೆಯನ್ನೇ ನೋಡುತ್ತಾ ಕೂತರು.

'ಬೆಂದಿದೆ ಅಂತ ಎಂಗೆ ಗೊತ್ತಾಯ್ತದೆ?' ಅಂತ ಕೇಳಿದರು.

'ನನಗೇನು ಗೊತ್ತು ಅತ್ತೆ?' ಅಂದೆ. ತವರಿನಲ್ಲೂ ನಾನು ಮೊಟ್ಟೆ ಕಂಡವಳಲ್ಲ.

'ನೀರು ಕುದಿ ಬಂದ ಮೇಲೆ ಹತ್ತು ನಿಮಿಷ ಸಾಕು' ಅಂದರು ಬಾಗಿಲಲ್ಲಿ ನಿಂತಿದ್ದ ಶೇಖರ್.

ಅತ್ತೆ ತಿರುಗಿ ನೋಡಿದರು. ನಾನೂ ನೋಡಿದೆ. ಶೇಖರ್ ಆಕಾಶ ನೋಡಿದರು. (ಆಫೀಸ್ ಕ್ಯಾಂಟೀನ್. ಎಷ್ಟು ವರ್ಷದಿಂದ ಅಂತ ನಾನು ಇನ್ನೂ ಕೇಳಿಲ್ಲ.) ಮಾಮೂಲಿ ದಿನವಾಗಿದ್ದರೆ ಮನೆಯಲ್ಲಿ ಮೂರು ದಿನ ಮಾತು ನಿಲ್ಲುತ್ತಿತ್ತು. ಅತ್ತೆ ಮತ್ತೆ ಪಾತ್ರೆಯ ಕಡೆ ತಿರುಗಿ, 'ಗಡಿಯಾರ ನೋಡಿ ಹೇಳು' ಅಂದರು.

ತಮಾಷೆ ಅಲ್ಲಿಗೆ ಮುಗಿಯಲಿಲ್ಲ. ಪಿಂಕಿ ಮೊಟ್ಟೆ ಮುಟ್ಟಲಿಲ್ಲ. ಮೂಸಿತು, ಮುಖ ತಿರುಗಿಸಿತು. ಸಿದ್ದಪ್ಪನ ಕಟ್ಟನ್ನು ನೆಕ್ಕಿದ ನಾಯಿಯೇ ಇದು. ಅತ್ತೆ ಅದನ್ನು ಪುಡಿ ಮಾಡಿ ಮೊಸರನ್ನದಲ್ಲಿ ಕಲಸಿ, ಉಂಡೆ ಕಟ್ಟಿ, ಕೈತುತ್ತು ಕೊಟ್ಟರು. ಬೆರಳಿಗೆಲ್ಲ ಹಳದಿ ಅಂಟಿತ್ತು. ತಿಂದಿತು. ಹಾಗೆ ದಿನಾ ನಡೆಯಿತು. ತಿನ್ನಿಸಿ ಮುಗಿಸಿ ಎರಡನೇ ಸಲ ತಲೆಗೆ ಸ್ನಾನ ಮಾಡಿ ಬರುತ್ತಿದ್ದರು, ಬಿಸಿಲಿರಲಿ, ಮೋಡವಿರಲಿ.

ಯಾರಿಗೂ ಹೇಳಲಿಲ್ಲ ಅಂದರೆ ವಾಸನೆ ಹೇಳದೆ ಬಿಡುತ್ತದೆಯೇ? ಅಕ್ಕಪಕ್ಕದವರಿಗೆ ಗೊತ್ತಾಯಿತು. ಅತ್ತೆಯ ತಂಗಿ ಒಬ್ಬರು ಬಂದವರು ನಮ್ಮ ಮನೆಯಲ್ಲಿ ನೀರು ಕೂಡ ಕುಡಿಯದೆ ಎದ್ದುಹೋದರು. ಅತ್ತೆ ತಡೆಯಲಿಲ್ಲ.

ಆಪರೇಷನ್ ಒಂದು ಭಾನುವಾರ ಬೆಳಿಗ್ಗೆ ನಡೆಯಿತು, ಆ ಮನುಷ್ಯರ ಡಾಕ್ಟರಿಗೂ ಬಿಡುವಿರುವ ದಿನ. ನಾವು ಹೊರಗಿನ ಬೆಂಚಿನಲ್ಲಿ ಕೂತೆವು. ಅತ್ತೆಯ ತುಟಿ ಆಡುತ್ತಲೇ ಇತ್ತು, 'ನಮಃ ಶಿವಾಯ'. ಮಧ್ಯಾಹ್ನದ ಹೊತ್ತಿಗೆ ಡಾಕ್ಟರ್ ಹೊರಗೆ ಬಂದು ಚೆನ್ನಾಗಿ ಆಗಿದೆ ಅಂದರು. ಪಿಂಕಿಯನ್ನು ನೋಡಿದರೆ ಕಾಲಿನ ಜೊತೆಗೆ ಭುಜದ ಹತ್ತಿರವೂ ರೋಮ ಬೋಳಿಸಿ ಹೊಲಿಗೆ ಹಾಕಿತ್ತು.

'ಅಲ್ಲೂ ಕೊಯ್ದ್ರಾ?' ಅಂದರು ಅತ್ತೆ. ಡಾಕ್ಟರ್ ಮೊದಲೇ ಹೇಳಿದ್ದರು. ಅತ್ತೆ ಕೇಳಿಸಿಕೊಂಡೂ ಇದ್ದರು. ಆದರೂ ಕಣ್ಣಾರೆ ನೋಡುವುದು ಬೇರೆ.

ಆಮೇಲೆ ಪಂಜರ. ನೆಗೆಯಬಾರದು, ಓಡಬಾರದು, ಮೆಟ್ಟಿಲು ಹತ್ತಬಾರದು ಅಂತ ಡಾಕ್ಟರರ ಕಟ್ಟಪ್ಪಣೆ. ಮೊಲ ಸಾಕುವ ಪಂಜರವೊಂದನ್ನು ತಂದು ನಡುಮನೆಯಲ್ಲಿ ಇಟ್ಟೆವು. ಪಿಂಕಿ ಒಳಗೆ ಕೂತು ಅಳುತ್ತಿತ್ತು. ಪಂಜರದ ಪಕ್ಕ ಚಾಪೆ ಹಾಸಿಕೊಂಡು ಅತ್ತೆ. ಬಂದವರು 'ಪಾಪ, ಸ್ವಲ್ಪ ಹೊತ್ತು ಹೊರಗೆ ಬಿಡಬಾರದಾ?' ಅನ್ನುವರು. 'ಡಾಕ್ಟ್ರು ಬುಡ್ಬೇಡಿ ಅಂದವ್ರೆ' ಅನ್ನುವರು ಅತ್ತೆ. ಒಂದು ದಿನ ಶೇಖರ್ ಕರಗಿ ಪಂಜರದ ಚಿಲಕಕ್ಕೆ ಕೈ ಹಾಕಿದರು. ಅತ್ತೆ ಅವರ ಕೈಗೆ ಹೊಡೆದರು. ನಲವತ್ತು ದಾಟಿದ ಮಗನ ಕೈಗೆ.

ನನಗೆ ಅದನ್ನು ನೋಡಿ ಸಿಟ್ಟು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ? ಈ ಶಿಸ್ತು ಅವತ್ತೇ ಇದ್ದಿದ್ದರೆ? ಬಾಯಿತುದಿಗೆ ಬರುತ್ತಿತ್ತು, ನುಂಗುತ್ತಿದ್ದೆ. ಆಮೇಲೆ ಯೋಚಿಸಿದರೆ ಅವರಿಗೆ ಅವತ್ತೂ ಶಿಸ್ತಿಗೆ ಕೊರತೆಯಿರಲಿಲ್ಲ. ಅದು ದೇವರ ಮನೆಯ ಶಿಸ್ತಾಗಿತ್ತು, ಅಷ್ಟೇ. ನಮ್ಮ ಮನೆಗಳಲ್ಲಿ ಆಗುವ ಅನಾಹುತಗಳೆಲ್ಲ ಕೆಟ್ಟವರಿಂದ ಆಗುತ್ತವೆ ಅಂತ ತಿಳಿದಿದ್ದೀರಾ? ಮುಕ್ಕಾಲು ಪಾಲು ಬಹಳ ಅಚ್ಚುಕಟ್ಟಾಗಿ ಬದುಕುವವರಿಂದಲೇ ಆಗುತ್ತವೆ.

ಮುಂದಿನ ಎಕ್ಸ್‌ರೇಯಲ್ಲಿ ಸಂದಿಯ ಸುತ್ತ ಮಂಜು ಕವಿದ ಹಾಗೆ ತೆಳುವಾದ ಬಿಳುಪು ಕಂಡಿತು. 'ಹೊಸ ಮೂಳೆ' ಅಂದರು ಡಾಕ್ಟರ್. ಅವರ ಮುಖದಲ್ಲಿ ಮೊದಲನೇ ಸಲ ನಗು ನೋಡಿದೆ. ಅತ್ತೆ ದೇವಸ್ಥಾನಕ್ಕೆ ಹೋಗಿ ಅಭಿಷೇಕ ಮಾಡಿಸಿ ಬಂದರು. ನಾನು ಕಡುಬು ಮಾಡಿದೆ. ನಾವೆಲ್ಲ ಸ್ವಲ್ಪ ಬೇಗ ಸಂತೋಷಪಟ್ಟೆವು.

ಆಷಾಢದಲ್ಲಿ ಒಂದು ಬೆಳಿಗ್ಗೆ ಪಿಂಕಿ ಕಾಲನ್ನು ಯಾರಿಗೂ ಮುಟ್ಟಲು ಕೊಡಲಿಲ್ಲ. ಅತ್ತೆಗೂ. ಮುಟ್ಟಿದರೆ ಹಲ್ಲು ತೋರಿಸಿತು. ಕಾಲು ಊದಿತ್ತು, ಹೊಲಿಗೆಯ ಜಾಗದಲ್ಲಿ ಕೀವು. ಎಕ್ಸ್‌ರೇಯಲ್ಲಿ ಒಂದು ಸ್ಕ್ರೂ ಹೊರಗೆ ಬಂದು ವಾಲಿ ನಿಂತಿತ್ತು, ಇನ್ನೊಂದು ಸಡಿಲವಾಗಿತ್ತು. ನೆನೆದ ಗೋಡೆಗೆ ಹೊಡೆದ ಮೊಳೆ ಎಷ್ಟು ದಿನ ನಿಲ್ಲುತ್ತದೆ? ಆ ಮಂಜಿನಂಥ ಬಿಳುಪು ಕರಗಿಹೋಗಿತ್ತು. ಸೋಂಕು ಒಳಗಿನ ಮೂಳೆಯನ್ನು ತಿನ್ನುತ್ತಿತ್ತು.

ಇಂಜೆಕ್ಷನ್ ಕೊಟ್ಟು ನೋಡಿದರು. ಪಟ್ಟಿ ತೆಗೆದು ನೋಡಿದರು. ಕೊನೆಗೆ ಡಾಕ್ಟರ್ ನಮ್ಮ ಮೂವರನ್ನೂ ಕೂರಿಸಿಕೊಂಡು ಕಾಲು ತೆಗೆಯಬೇಕಾಗುತ್ತದೆ ಅಂದರು.

'ಇನ್ನೊಂದ್ಸಲ ಮಾಡಿ' ಅಂದರು ಅತ್ತೆ. 'ಇನ್ನೊಂದು ಪಟ್ಟಿ ಹಾಕಿ. ಇನ್ನೊಂದು ಭುಜದಿಂದ ತೆಗೀರಿ. ಎಷ್ಟು ಮೊಟ್ಟೆ ಬೇಕಾದ್ರೂ ತಿನ್ನುಸ್ತೀನಿ.'

'ಸ್ಕ್ರೂ ಹಾಕೋಕೆ ಅಲ್ಲಿ ಮೂಳೆ ಉಳಿದಿಲ್ಲಮ್ಮ.'

'ಬೆಂಗಳೂರಿಗೆ ಕರ್ಕಂಡು ಹೋಯ್ತೀವಿ.'

ಡಾಕ್ಟರ್ ಎಕ್ಸ್‌ರೇಯನ್ನು ಕವರಿಗೆ ಸೇರಿಸಿದರು. 'ಹೋಗಿ. ಬೇಡ ಅನ್ನಲ್ಲ. ಅಲ್ಲಿ ನನಗಿಂತ ದೊಡ್ಡವರಿದ್ದಾರೆ. ಆದರೆ ಅದಕ್ಕೆ ರಾತ್ರಿ ಹಗಲು ನೋವು. ಕಾಲು ತೆಗೆದರೆ ನೋವು ಹೋಗುತ್ತೆ, ಮೂರು ಕಾಲಲ್ಲಿ ಓಡಾಡುತ್ತೆ. ಇನ್ನೊಂದು ಆಪರೇಷನ್ ಅಂದ್ರೆ ಅದು ನಿಮಗೋಸ್ಕರ ಅಮ್ಮ. ಅದಕ್ಕೋಸ್ಕರ ಅಲ್ಲ.'

ಕಠಿಣವಾದ ಮಾತು. ನರ್ಸಿಂಗ್ ಹೋಮಿನ ಕಾರಿಡಾರಿನಲ್ಲಿ ಯಾರದ್ದಾದರೂ ಸಲುವಾಗಿ ನಿಂತು ಬಂದವರಿಗೆ ಇದು ಅರ್ಥವಾಗುತ್ತದೆ. ಇನ್ನೊಂದು ಟೆಸ್ಟ್, ಇನ್ನೊಂದು ಟ್ಯೂಬ್ ಅಂತ ನಾವು ಕೇಳುತ್ತಲೇ ಹೋಗುತ್ತೇವಲ್ಲ, ಅದರಲ್ಲಿ ಮಲಗಿರುವವರಿಗೆ ಎಷ್ಟು, ನಿಂತಿರುವ ನಮಗೆ ಎಷ್ಟು? ನನಗೆ ಡಾಕ್ಟರ್ ಮೇಲೆ ಕೋಪ ಬಂತು. ಅವರು ಹೇಳಿದ್ದು ಸರಿ ಅಂತಲೂ ಅನ್ನಿಸಿತು.

ಅತ್ತೆ ಪಿಂಕಿಯ ತಲೆ ಸವರಿದರು. ಅದು ಅವರ ಅಂಗೈ ನೆಕ್ಕಿತು. 'ತೆಗೆದ್ಬುಡಿ' ಅಂದರು. ಆಮೇಲೆ ಯಾರೂ ನಿರೀಕ್ಷಿಸದ ಒಂದು ಪ್ರಶ್ನೆ ಕೇಳಿದರು. 'ತೆಗೆದ್ಮೇಲೆ ಆ ಕಾಲನ್ನ ಏನ್ ಮಾಡ್ತೀರಾ?'

'ಎಲ್ಲ ಕಡೆ ಮಾಡೋ ಹಾಗೆ ಸುಟ್ಟುಬಿಡ್ತೀವಿ' ಅಂದರು ಡಾಕ್ಟರ್. ಅತ್ತೆ ಒಪ್ಪಲಿಲ್ಲ, ನಮಗೆ ಕೊಡಿ ಅಂದರು. ನಮ್ಮವರಲ್ಲಿ ಸುಡುವುದಿಲ್ಲ, ಮಣ್ಣು ಮಾಡುವುದು ಪದ್ಧತಿ. ಹತ್ತಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಅಗರಬತ್ತಿ ಪೊಟ್ಟಣಕ್ಕಿಂತ ದೊಡ್ಡದಿರಲಿಲ್ಲ. ಶೇಖರ್ ಹಿತ್ತಲಿನ ಪತ್ರೆ ಗಿಡದ ಬುಡದಲ್ಲಿ ಗುಂಡಿ ತೋಡಿದರು. ಅತ್ತೆ ಒಂದು ಚಿಟಿಕೆ ವಿಭೂತಿ ಹಾಕಿ, ಕೈಯಾರೆ ಮಣ್ಣು ಎಳೆದರು. ನಾನು ನಿಂತು ನೋಡಿದೆ. ಅಳು ಬಂತು. ನಾಯಿ ಬದುಕಿದೆ, ಒಳಗೆ ನಿದ್ದೆ ಮಾಡುತ್ತಿದೆ, ನಾನು ಯಾರಿಗಾಗಿ ಅಳುತ್ತಿದ್ದೇನೆ ಅಂತ ನನಗೇ ಗೊತ್ತಾಗಲಿಲ್ಲ.

ಡಾಕ್ಟರ್ ಹೇಳಿದ್ದು ನಿಜವಾಯಿತು. ಹೊಲಿಗೆ ಒಣಗಿತು. ಪಿಂಕಿ ಈಗ ಮೂರು ಕಾಲಿನಲ್ಲಿ ಬೀದಿಯ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಗ್ಯಾಸ್ ಗಾಡಿ ಬಂದರೆ ಮೊದಲಿನ ಹಾಗೇ ಬೊಗಳುತ್ತದೆ. ಅದಕ್ಕೆ ಒಂದು ಕಾಲು ಕಮ್ಮಿಯಿದೆ ಅನ್ನುವುದು ನಮಗೆ ಗೊತ್ತು, ಅದಕ್ಕೆ ಗೊತ್ತಿರುವ ಹಾಗೆ ಕಾಣುವುದಿಲ್ಲ.

ಹೊಲಿಗೆ ಬಿಚ್ಚಿಸಲು ಹೋದ ದಿನ ಅತ್ತೆ ಹೊರಗಿದ್ದಾಗ ನಾನು ಡಾಕ್ಟರನ್ನು ಕೇಳಿದೆ. 'ನಿಜ ಹೇಳಿ. ಸಿದ್ದಪ್ಪನ ಕಟ್ಟು ಹಾಗೇ ಇದ್ದಿದ್ದರೆ ಕೂಡುತ್ತಿತ್ತಾ?'

'ಕೂಡ್ತಿರಲಿಲ್ಲ ಅಂತ ಹೇಳಿದ್ರೆ ನಿಮಗೆ ಸಮಾಧಾನ' ಅಂದರು. 'ಆದರೆ ನನಗೆ ಗೊತ್ತಿಲ್ಲ ಮೇಡಂ. ಅದು ಯಾರಿಗೂ ಗೊತ್ತಾಗೋದಿಲ್ಲ.'

ಅದನ್ನು ಅತ್ತೆಗೆ ಹೇಳಿಲ್ಲ. ಹೇಳಿದರೂ ಏನು ಪ್ರಯೋಜನ? ಅವರು ತೀರ್ಪು ಕೊಟ್ಟುಕೊಂಡು ಆಗಿದೆ. ಪೂಜೆ ನಡೆಯುತ್ತದೆ, ಪಿಂಕಿ ಮುಂದೆ ಕೂರುತ್ತದೆ, ಅದರ ಹಣೆಗೆ ವಿಭೂತಿ ಹಚ್ಚುವುದನ್ನು ಮಾತ್ರ ಬಿಟ್ಟಿದ್ದಾರೆ. ಯಾಕೆ ಅಂತ ನಾನು ಕೇಳಿಲ್ಲ. ಅದು ಮಡಿಲಿಗೆ ಹತ್ತಲು ಬಂದರೆ ಹತ್ತಿಸಿಕೊಳ್ಳುತ್ತಾರೆ, ಆದರೆ ಮುಖ ಬೀದಿಯ ಕಡೆ ತಿರುಗಿಸಿರುತ್ತಾರೆ.

ಬೀದಿಯಲ್ಲಿ ಹೋಗುವವರು ಕೇಳದೆ ಇರುತ್ತಾರೆಯೇ? ಮೂರು ಕಾಲಿನ ನಾಯಿ ಕಂಡರೆ ನಮ್ಮ ಜನಕ್ಕೆ ನಿಂತು ವಿಚಾರಿಸಲೇಬೇಕು. ಶ್ರಾವಣದ ಒಂದು ಬೆಳಿಗ್ಗೆ ಹೊಸದಾಗಿ ಹೂವು ತರುತ್ತಿರುವ ಹೆಂಗಸು ಜಗಲಿಯ ಮೇಲೆ ಬುಟ್ಟಿ ಇಟ್ಟು, 'ಅಯ್ಯೋ, ಇದರ ಕಾಲಿಗೆ ಏನಾಯ್ತವ್ವ?' ಅಂದಳು. ಬಾಗಿಲಲ್ಲಿದ್ದ ನಾನು 'ಜಗಲಿಯಿಂದ ಬಿದ್ದು...' ಅಂತ ಶುರು ಮಾಡಿದೆ. ಮನೆಯಲ್ಲಿ ನಾವೆಲ್ಲ ಒಪ್ಪಿಕೊಂಡಿರುವ ಉತ್ತರ ಅದು.

'ಬಿದ್ದಿದ್ದಕ್ಕೆ ಹೋಗ್ಲಿಲ್ಲ ಕಣಮ್ಮ' ಅಂದರು ಜಗಲಿಯಲ್ಲಿ ಕೂತಿದ್ದ ಅತ್ತೆ, ತಮ್ಮ ಮೊಳದಲ್ಲೇ ಹೂವು ಅಳೆದುಕೊಳ್ಳುತ್ತಾ. 'ನಾನು ಕಟ್ಟು ಬಿಚ್ಚಿದ್ದಕ್ಕೆ ಹೋಯ್ತು.'

ಹೂವಿನವಳಿಗೆ ಗಾಬರಿಯಾಯಿತು. ಪಾಪ, ಸಮಾಧಾನ ಹೇಳಲು ನೋಡಿದಳು. 'ಹೋಗ್ಲಿ ಬುಡಿ ಅಮ್ಮ. ನಾಯಿ ತಾನೆ?'

ಅತ್ತೆ ಮೊಳ ಮುಗಿಸಿ, ದಾರ ಕತ್ತರಿಸಿ, ತಲೆಯೆತ್ತಿದರು.

'ಅದು ನಾಯಿ, ಸರಿ. ಬಿಚ್ಚಿದೋಳು ಮನುಷ್ಯಳಲ್ವಾ?'